ಶಟರ್ ಮೋಟಾರ್ ಕೆಡುವ ಮೊದಲು ಕೊಡುವ ಸೂಚನೆಗಳು: ನನ್ನ ಅನುಭವ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನನ್ನದು ಮೋಟಾರ್ ರಿಪೇರಿ ಮತ್ತು ವಯರಿಂಗ್ ಕೆಲಸ. ಮೊದಲೆಲ್ಲ ಅಡಿಕೆ ತೋಟದ ಪಂಪುಗಳೇ ಬರುತ್ತಿದ್ದವು. ಗಲ್ಫಿನಲ್ಲಿ ದುಡಿದವರು ಮನೆ ಕಟ್ಟಿಸುವಾಗ ಕಾರ್ ಶೆಡ್ಡಿಗೆ ರಿಮೋಟ್ ಶಟರ್ ಹಾಕಿಸತೊಡಗಿದರು, ಕುಂಬಳೆ, ಉಪ್ಪಳದ ಅಂಗಡಿಗಳಿಗೂ ಮೋಟಾರ್ ಬಂತು, ಹಾಗೆ ಈ ಕೆಲಸವೂ ಕೈಗೆ ಹತ್ತಿತು. ನಮ್ಮ ಮನೆಯ ಶೆಡ್ಡಿನಲ್ಲೂ ಒಂದು ಸೈಡ್ ಮೋಟಾರ್, ಅಂದರೆ ಶಟರಿನ ಬದಿಯಲ್ಲಿ ಕೂತು ಸರಪಳಿಯಿಂದ ಅದನ್ನು ಸುತ್ತುವ ಮೋಟಾರ್, ಇದೆ. ಅದನ್ನು ನೋಡಿಕೊಳ್ಳುತ್ತಾ, ಬೇರೆಯವರದ್ದನ್ನು ಬಿಚ್ಚಿ ಕಟ್ಟುತ್ತಾ ಗೊತ್ತಾದದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಕಾರು ತೆಗೆದು ತಲಪಾಡಿ ದಾಟಿ ಮಂಗಳೂರಿಗೆ ಓಡುವವರೇ ಹೆಚ್ಚು. ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು, ವಯಸ್ಸಾದವರಿಬ್ಬರೇ ಉಳಿದಿರುವ ಮನೆಗಳೂ ಕಡಿಮೆಯಿಲ್ಲ. ಅಂಥ ಮನೆಯಲ್ಲಿ ಕಾರು ಒಳಗಿದ್ದು ಶಟರ್ ಮೇಲೇಳದಿದ್ದರೆ ಏನು ಗತಿ ಎಂಬುದು ನನಗೆ ಸದಾ ಇರುವ ಚಿಂತೆ. ಸಿಡಿಲು ಹೊಡೆದರೆ ಮೋಟಾರ್ ಒಂದೇ ಕ್ಷಣದಲ್ಲಿ ಹೋಗಬಹುದು. ಉಳಿದಂತೆ ಹೆಚ್ಚಿನ ಮೋಟಾರುಗಳು ವಾರಗಟ್ಟಲೆ ಮುಂಚೆಯೇ ಸೂಚನೆ ಕೊಡುತ್ತವೆ. ನೋಡುವ ಕಣ್ಣು, ಕೇಳುವ ಕಿವಿ ಮನೆಯವರದ್ದಾಗಬೇಕು. ನಾನು ಬರುವುದು ಕೆಟ್ಟ ಮೇಲೆ.

ನಾನು ಮೊದಲು ನೋಡುವುದು ಸಮಯ. ಶಟರ್ ಹೊಸದಾಗಿದ್ದಾಗ ಪೂರ್ತಿ ಮೇಲೇಳಲು ಎಷ್ಟು ಸೆಕೆಂಡ್ ಬೇಕು, ಇಳಿಯಲು ಎಷ್ಟು ಬೇಕು ಎಂದು ಮೊಬೈಲಿನಲ್ಲಿ ಅಳೆದು ಸ್ವಿಚ್‌ಬೋರ್ಡಿನ ಪಕ್ಕದ ಗೋಡೆಯಲ್ಲಿ ಪೆನ್ಸಿಲಿನಿಂದ ಬರೆದಿಡಬೇಕು. ನಮ್ಮದು ಮೇಲೇಳಲು 20 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಒಂದು ಮಳೆಗಾಲ ಕಳೆದು ಅಳೆದಾಗ 27 ಆಗಿತ್ತು. ಇಳಿಯುವ ಸಮಯ ಮಾತ್ರ ಮೊದಲಿನಷ್ಟೇ. ಇಳಿಯುವಾಗ ಶಟರಿನ ಭಾರವೇ ಮೋಟಾರಿಗೆ ಸಹಾಯ ಮಾಡುತ್ತದೆ, ಏರುವಾಗ ಆ ಭಾರವನ್ನು ಮೋಟಾರೇ ಎಳೆಯಬೇಕು. ಹಾಗಾಗಿ ದೌರ್ಬಲ್ಯ ಮೊದಲು ಕಾಣುವುದು ಏರುವಾಗ. ದಿನಾ ನೋಡುವವರಿಗೆ ಈ ನಿಧಾನ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಗೋಡೆಯ ಮೇಲಿನ ಅಂಕಿ ಬೇಕು.

ನಿಧಾನವಾಯಿತೆಂದ ಕೂಡಲೇ ಮೋಟಾರನ್ನು ಇಳಿಸಬಾರದು. ಮೊದಲು ವೋಲ್ಟೇಜ್ ನೋಡಬೇಕು. ಫೆಬ್ರವರಿಯಿಂದ ಮೇ ತನಕ ತೋಟಕ್ಕೆ ನೀರು ಬಿಡುವ ಕಾಲದಲ್ಲಿ ಲೈನಿನ ಕೊನೆಯಲ್ಲಿರುವ ಮನೆಗಳಿಗೆ 230 ವೋಲ್ಟ್ ಬರುವುದೇ ಇಲ್ಲ. ಈ ಬಗೆಯ ಮೋಟಾರಿನ ಎಳೆಯುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರುವಲ್ಲಿ 180 ಬಂದರೆ ವೋಲ್ಟೇಜ್ ಕಡಿಮೆಯಾದದ್ದು ಐದನೇ ಒಂದು ಭಾಗದಷ್ಟು, ಆದರೆ ಬಲ ಉಳಿಯುವುದು ನೂರಕ್ಕೆ 61ರಷ್ಟು ಮಾತ್ರ. ಮಧ್ಯಾಹ್ನ ಸರಿಯಾಗಿದ್ದು ಸಂಜೆ ಏಳಕ್ಕೆ ಒದ್ದಾಡುವ ಶಟರಿನ ದೋಷ ಲೈನಿನದ್ದು. ಹಾಗೆಂದು ಸ್ವಿಚ್ ಒತ್ತುತ್ತಲೇ ಇದ್ದರೆ ಮೋಟಾರಿನೊಳಗಿನ ತಂತಿಯ ಸುತ್ತು, ಅಂದರೆ ವೈಂಡಿಂಗ್, ಕಾಯ್ದು ನಿಜವಾಗಿಯೇ ಮೋಟಾರ್ ಸುಡುತ್ತದೆ.

ಆಮೇಲೆ ಶಟರನ್ನೇ ಪರೀಕ್ಷಿಸಬೇಕು. ಮೈನ್ ಆಫ್ ಮಾಡಿ ಕೈಸರಪಳಿ ಎಳೆದು ಶಟರನ್ನು ಪೂರ್ತಿ ಏರಿಸಿ ಇಳಿಸಿ. ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ತಡೆಯುತ್ತದೆ ಎಂದು ಕೈಗೇ ಗೊತ್ತಾಗುತ್ತದೆ. ಮಂಜೇಶ್ವರ, ಮೊಗ್ರಾಲಿನ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಶಟರ್ ಜಾರುವ ಎರಡು ಬದಿಯ ಗೈಡ್ ಚಾನೆಲ್‌ನ ಬುಡ ತುಕ್ಕು ಹಿಡಿದು ಉಬ್ಬಿರುತ್ತದೆ. ಪೆರ್ಲ, ಮುಳ್ಳೇರಿಯದ ಕಡೆ ಕೆಂಪು ಧೂಳಿನ ಕಾಟ. ಜನ ಮಾಡುವ ದೊಡ್ಡ ಅನ್ಯಾಯವೆಂದರೆ ಈ ಚಾನೆಲಿಗೆ ಗ್ರೀಸೋ ಗಾಡಿಯ ಹಳೇ ಎಂಜಿನ್ ಆಯಿಲೋ ಹಚ್ಚುವುದು. ಎರಡು ದಿನ ನುಣ್ಣಗೆ ಓಡುತ್ತದೆ, ಆಮೇಲೆ ಧೂಳು ಅದರಲ್ಲಿ ಕೂತು ಗಟ್ಟಿಯಾಗಿ ಶಟರನ್ನೇ ಹಿಡಿಯುತ್ತದೆ. ಚಾನೆಲ್ ಒರೆಸಿ ಸ್ವಚ್ಛವಾಗಿಟ್ಟು, ಬೇಕಿದ್ದರೆ ಸಿಲಿಕೋನ್ ಸ್ಪ್ರೇ ಹೊಡೆದರೆ ಸಾಕು. ಎಣ್ಣೆ ಬೇಕಾದದ್ದು ಮೋಟಾರಿನಿಂದ ಶಟರ್ ಸುತ್ತಿಕೊಳ್ಳುವ ಡ್ರಮ್ಮಿಗೆ ಹೋಗುವ ಸರಪಳಿಗೆ, ಅದೂ ಸ್ವಲ್ಪ.

ನಮ್ಮ ಶಟರಿನಲ್ಲಿ ಸರಪಳಿ ಹಗುರವಾಗಿಯೇ ಓಡಿತು, ವೋಲ್ಟೇಜೂ ಸರಿಯಿತ್ತು. ಆದರೆ ಸ್ವಿಚ್ ಒತ್ತಿದಾಗ ಮೋಟಾರ್ ಒಂದು ಗಳಿಗೆ 'ಗುಂಯ್' ಎಂದು ನಿಂತು ಆಮೇಲೆ ಹೊರಡುತ್ತಿತ್ತು. ಪಂಪು ನೋಡಿದ ಯಾರಿಗೂ ಈ ಸದ್ದಿನ ಪರಿಚಯ ಇರುತ್ತದೆ. ಇದು ಕೆಪಾಸಿಟರಿನ ಲಕ್ಷಣ. ಸಿಂಗಲ್ ಫೇಸ್ ಮೋಟಾರ್ ತಾನಾಗಿ ತಿರುಗಲಾರದು; ಎರಡನೇ ವೈಂಡಿಂಗಿಗೆ ಕೆಪಾಸಿಟರ್ ಮೂಲಕ ಹೋಗುವ ಕರೆಂಟೇ ಅದನ್ನು ಹೊರಡಿಸುವುದು. ಕೆಪಾಸಿಟರ್ ಬಿಸಿಗೂ ವಯಸ್ಸಿಗೂ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಮೊದಲು ಈ ಒಂದು ಗಳಿಗೆಯ ತಡ, ಆಮೇಲೆ ಇಳಿಯುತ್ತದೆ ಆದರೆ ಏರುವುದಿಲ್ಲ, ಕೊನೆಗೆ ಬರೀ ಗುಂಯ್. ಆ ಗುಂಯ್ ಅನ್ನುವ ಹೊತ್ತಿನಲ್ಲಿ ವೈಂಡಿಂಗಿನಲ್ಲಿ ಹರಿಯುವ ಕರೆಂಟ್ ಮಾಮೂಲಿನ ಹಲವು ಪಟ್ಟು. ಕೆಲವು ನೂರು ರೂಪಾಯಿಯ ಕೆಪಾಸಿಟರಿಗಾಗಿ ಸಾವಿರಾರು ರೂಪಾಯಿಯ ಮೋಟಾರ್ ಸುಟ್ಟುಹೋಗುವುದು ಹೀಗೆ.

ಅಳೆಯುವುದು ಕಷ್ಟವಲ್ಲ. ಮೈನ್ ಆಫ್ ಮಾಡಿ, ಹಳೇ 100 ವ್ಯಾಟಿನ ಫಿಲಮೆಂಟ್ ಬಲ್ಬಿನ ಎರಡು ವಯರನ್ನು ಕೆಪಾಸಿಟರಿನ ಎರಡು ತುದಿಗೆ ಮುಟ್ಟಿಸಿ ಅದರೊಳಗೆ ಉಳಿದ ಚಾರ್ಜ್ ಇಳಿಸಬೇಕು. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡುವವರನ್ನು ನೋಡಿದ್ದೇನೆ, ಹಾಗೆ ಮಾಡಲೇಬಾರದು. ಆಮೇಲೆ ಒಂದು ವಯರ್ ಬಿಚ್ಚಿ ಮೈಕ್ರೋಫ್ಯಾರಡ್ ತೋರಿಸುವ ಮಲ್ಟಿಮೀಟರಿನಲ್ಲಿ ಅಳೆಯಿರಿ. ಮೈಮೇಲೆ 20 ಮೈಕ್ರೋಫ್ಯಾರಡ್, ಹೆಚ್ಚುಕಡಿಮೆ 5 ಶೇಕಡಾ ಎಂದು ಬರೆದಿದ್ದರೆ 19ರಿಂದ 21ರ ಒಳಗೆ ಬರಬೇಕು. ನಮ್ಮದು 14 ತೋರಿಸಿತು. ಅದೇ ಅಳತೆಯ, ಅದೇ ಅಥವಾ ಹೆಚ್ಚು ವೋಲ್ಟೇಜಿನ ಹೊಸದನ್ನು ಹಾಕಿದ ಮೇಲೆ ಸಮಯ ಪುನಃ 20ಕ್ಕೆ ಬಂತು. ಜಾಸ್ತಿ ಬಲ ಬರಲಿ ಎಂದು 20ರ ಜಾಗಕ್ಕೆ 36 ಹಾಕಿಸುವವರಿದ್ದಾರೆ. ಅದರಿಂದ ವೈಂಡಿಂಗ್ ಕಾಯುತ್ತದೆ, ಆಯುಷ್ಯ ಕಡಿಮೆಯಾಗುತ್ತದೆ.

ಗುಂಯ್ ಎಂಬ ಸದ್ದಿಗೆ ಇನ್ನೊಂದು ಕಾರಣವಿದೆ, ಬ್ರೇಕ್ ಬಿಡದಿರುವುದು. ಸೈಡ್ ಮೋಟಾರಿನ ಬ್ರೇಕ್ ಕರೆಂಟ್ ಇಲ್ಲದಾಗ ಸ್ಪ್ರಿಂಗಿನ ಬಲದಿಂದ ಹಿಡಿದಿರುತ್ತದೆ, ಕರೆಂಟ್ ಬಂದಾಗ ಕಾಯಿಲ್ ಅದನ್ನು ಎಳೆದು ಬಿಡಿಸುತ್ತದೆ. ಆಗ 'ಟಕ್' ಎಂಬ ಸದ್ದು ಬರಬೇಕು. ಯಾರಾದರೂ ಫೋನ್ ಮಾಡಿದರೆ, ಸ್ವಿಚ್ ಒತ್ತಿ ಫೋನನ್ನು ಮೋಟಾರಿನ ಕಡೆ ಹಿಡಿಯಿರಿ ಎನ್ನುತ್ತೇನೆ. ಟಕ್ ಕೇಳಿ ಆಮೇಲೆ ಗುಂಯ್ ಬಂದರೆ ಕೆಪಾಸಿಟರ್ ತೆಗೆದುಕೊಂಡು ಹೊರಡುತ್ತೇನೆ. ಟಕ್ ಕೇಳಿಸದಿದ್ದರೆ ಬ್ರೇಕಿನ ಕಾಯಿಲ್ ಅಥವಾ ಅದಕ್ಕೆ ಎಸಿಯನ್ನು ಡಿಸಿ ಮಾಡಿಕೊಡುವ ರೆಕ್ಟಿಫೈಯರ್ ಮೇಲೆ ಸಂಶಯ.

ಬ್ರೇಕಿನ ವಿಷಯದಲ್ಲಿ ಒಂದು ಸೂಚನೆಯನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಡುವಿನಲ್ಲಿ ಸ್ವಿಚ್ ನಿಲ್ಲಿಸಿದರೆ ಶಟರ್ ಅಲ್ಲೇ ನಿಲ್ಲಬೇಕು. ನಿಂತ ಮೇಲೆ ಒಂದು ಗೇಣು ಜಾರಿದರೆ ಬ್ರೇಕಿನ ಲೈನಿಂಗ್ ಸವೆದಿದೆ ಅಥವಾ ಅದರ ಮೇಲೆ ಎಣ್ಣೆ ಬಿದ್ದಿದೆ. 18 ಗೇಜಿನ ತಗಡು 1.2 ಮಿಲಿಮೀಟರ್ ದಪ್ಪ. ಚಪ್ಪಟೆ ತಗಡೇ ಚದರ ಮೀಟರಿಗೆ ಸುಮಾರು 9.5 ಕಿಲೋ ತೂಗುತ್ತದೆ. 3 ಮೀಟರ್ ಅಗಲ, 3 ಮೀಟರ್ ಎತ್ತರದ ಶಟರ್ ಎಂದರೆ ಮಡಿಕೆಗಳು, ಕೆಳಗಿನ ಪಟ್ಟಿ ಬಿಟ್ಟೇ 85 ಕಿಲೋ ದಾಟಿತು. ಮಕ್ಕಳು ಅದರಡಿ ಓಡುತ್ತಾರೆ, ನಾಯಿ ಮಲಗುತ್ತದೆ. ಜಾರುವುದು ಕಂಡ ದಿನವೇ ಶಟರನ್ನು ಪೂರ್ತಿ ಕೆಳಗಿಳಿಸಿ, ಮೈನ್ ಆಫ್ ಮಾಡಿ, ಕೆಲಸದವರನ್ನು ಕರೆಯಬೇಕು. ಶಟರಿನ ಭಾರ ಹೊರುವ ಸ್ಪ್ರಿಂಗ್ ಇದ್ದರೆ ಅದಕ್ಕೂ ಮನೆಯವರು ಕೈ ಹಾಕಬಾರದು. ಬಿಗಿದ ಸ್ಪ್ರಿಂಗ್ ಬಿಡಿಸಿಕೊಂಡರೆ ಕೈಬೆರಳು ಉಳಿಯುವುದಿಲ್ಲ.

ಬಿಸಿಯ ಬಗ್ಗೆ ಹೆದರಿಕೆ ಸ್ವಲ್ಪ ಕಡಿಮೆ ಇರಲಿ. ಈ ಮೋಟಾರುಗಳು ನಿರಂತರ ಓಡಲು ಮಾಡಿದವಲ್ಲ. ನೇಮ್‌ಪ್ಲೇಟಿನಲ್ಲಿ ಸ್ವಲ್ಪ ಹೊತ್ತಿನ ಓಟಕ್ಕೆ ಎಂಬರ್ಥದ ಎಸ್2 ಎಂದೂ ಪಕ್ಕದಲ್ಲಿ ನಿಮಿಷಗಳನ್ನೂ ಬರೆದಿರುತ್ತಾರೆ, ಅಷ್ಟೇ ಅದರ ಓಟ. ಮಕ್ಕಳು ರಿಮೋಟ್ ಹಿಡಿದು ಆಡಿದಾಗ ಒಳಗಿನ ಥರ್ಮಲ್ ಸ್ವಿಚ್ ಕಟ್ ಆಗಿ ತಣಿದ ಮೇಲೆ ತಾನಾಗಿ ಸರಿಯಾದರೆ ಅದು ಕಾಯಿಲೆಯಲ್ಲ. ಬೆಳಗ್ಗೆ ಒಂದೇ ಸಲ ತೆರೆಯುವಾಗ ಅರ್ಧಕ್ಕೆ ಕಟ್ ಆದರೆ, ಸುಟ್ಟ ವಾರ್ನಿಶಿನ ವಾಸನೆ ಬಂದರೆ, ವಯರಿನ ಸುತ್ತ ಕಚ್ಚಿಸಿ ಕರೆಂಟ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ ನೇಮ್‌ಪ್ಲೇಟಿಗಿಂತ ಹೆಚ್ಚು ಆಂಪಿಯರ್ ತೋರಿಸಿದರೆ ಮಾತ್ರ ಚಿಂತಿಸಬೇಕು.

ಮಳೆಗಾಲದ ಸೂಚನೆಗಳೇ ಬೇರೆ. ಆಟಿ ತಿಂಗಳ ಥಂಡಿಗೆ ಮೋಟಾರಿನ ಟರ್ಮಿನಲ್ ಬಾಕ್ಸಿನ ಒಳಗೂ ಬೆವರು ಬರುತ್ತದೆ. ಶಟರ್ ಸ್ವಿಚ್ ಒತ್ತಿದಾಗಲೇ ಮನೆಯ ಇಎಲ್‌ಸಿಬಿ (ಕರೆಂಟ್ ಲೀಕಾದರೆ ಲೈನ್ ಕಡಿಯುವ ಸ್ವಿಚ್) ಬಿದ್ದರೆ ಅದು ಕರೆಂಟ್ ಲೀಕಿನ ಸುದ್ದಿ. ಇಎಲ್‌ಸಿಬಿಯನ್ನೇ ಬಿಟ್ಟು ನೇರ ವಯರ್ ಕೊಡಿ ಎಂದು ಕೇಳುವವರಿಗೆ ನಾನು ಖಂಡಿತ ಮಾಡಿಕೊಡುವುದಿಲ್ಲ. ಕಬ್ಬಿಣದ ಶಟರ್, ಒದ್ದೆ ಅಂಗಳ, ಬರಿಗಾಲು, ಮೂರೂ ಸೇರುವ ಜಾಗ ಅದು. ವೈಂಡಿಂಗಿನಿಂದ ಮೋಟಾರಿನ ಮೈಗೆ ಕರೆಂಟ್ ಸೋರುತ್ತದೆಯೇ ಎಂದು ತೋರಿಸುವ 500 ವೋಲ್ಟಿನ ಮೆಗ್ಗರ್ ಹಾಕಿ ನೋಡುತ್ತೇನೆ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಮುಚ್ಚಳ ತೆಗೆದು ಬಲ್ಬಿನ ಬಿಸಿಯಲ್ಲಿ ಒಣಗಿಸಿ ಪುನಃ ಅಳೆಯುತ್ತೇನೆ. ಹೆಚ್ಚಿನವು ಒಣಗಿದ ಮೇಲೆ ಸರಿಯಾಗುತ್ತವೆ, ಆಗದಿದ್ದರೆ ರೀವೈಂಡಿಂಗೇ ಗತಿ.

ಕಂಟ್ರೋಲ್ ಬಾಕ್ಸಿನ ವಿಚಾರ. ಒಮ್ಮೆ ಓಡುತ್ತದೆ, ಒಮ್ಮೆ ಇಲ್ಲ ಎಂದರೆ ನಾನು ಮೊದಲು ಹುಡುಕುವುದು ಇರುವೆಗಳನ್ನು. ರಿಲೇಯ ಕಾಂಟ್ಯಾಕ್ಟುಗಳ ನಡುವೆ ಸತ್ತು ಸಿಕ್ಕಿರುತ್ತವೆ, ಹಲ್ಲಿಯೂ ಸುಟ್ಟು ಬಿದ್ದಿರುತ್ತದೆ. ವಯರ್ ಒಳಹೋಗುವ ತೂತುಗಳನ್ನು ಎಂ-ಸೀಲ್ ಹಾಕಿ ಮುಚ್ಚಿದರೆ ಈ ಕಾಟದಲ್ಲಿ ಮುಕ್ಕಾಲು ಮುಗಿಯಿತು. ರಿಮೋಟ್ ಹತ್ತಿರ ಬಂದರಷ್ಟೇ ಕೆಲಸ ಮಾಡಿದರೆ ಬ್ಯಾಟರಿ ಬದಲಿಸಿ. ಹೊಸ ಬ್ಯಾಟರಿಗೂ ಹಾಗೇ ಆದರೆ ಶೆಡ್ಡಿನ ಅಗ್ಗದ ಎಲ್‌ಇಡಿ ಬಲ್ಬನ್ನು ಆರಿಸಿ ನೋಡಿ, ಕೆಲವು ಬಲ್ಬುಗಳು ರಿಸೀವರಿನ ಸಿಗ್ನಲಿಗೆ ಅಡ್ಡ ಬರುತ್ತವೆ. ತುಲಾ ಮಳೆಯ ಸಮಯದಲ್ಲಿ, ಅಕ್ಟೋಬರ್–ನವೆಂಬರಿನ ಮಧ್ಯಾಹ್ನ ಮೋಡ ಕಟ್ಟಿದರೆ ಪ್ಲಗ್ ಕಿತ್ತಿಡುವುದು ಕ್ಷೇಮ. ಸ್ವಿಚ್ ಆಫ್ ಮಾಡಿದರೆ ಸಿಡಿಲಿಗೆ ಅಡ್ಡಿಯಾಗುವುದಿಲ್ಲ.

ವಿದೇಶೀ ಮಾದರಿಯ, ಹಲಗೆಗಳಾಗಿ ಮಡಿಚಿ ಚಾವಣಿಗೆ ಹೋಗುವ ಗ್ಯಾರೇಜ್ ಬಾಗಿಲುಗಳು ನಮ್ಮಲ್ಲಿ ಕಡಿಮೆ. ಅದರಲ್ಲಿ ಮೋಟಾರಿನ ಕೆಳಗೆ ನೆಲದಲ್ಲಿ ಬಿಳಿ ಪುಡಿ ಕಂಡರೆ ನೈಲಾನ್ ಗೇರ್ ಸವೆಯುತ್ತಿದೆ ಎಂದರ್ಥ. ಬಾಗಿಲು ಮುಚ್ಚಿರುವಾಗ ಕೆಂಪು ಹಗ್ಗ ಎಳೆದು ಮೋಟಾರಿನಿಂದ ಬಿಡಿಸಿ, ಕೈಯಲ್ಲಿ ಸೊಂಟದೆತ್ತರಕ್ಕೆ ಎತ್ತಿ ನಿಧಾನವಾಗಿ ಸಡಿಲಿಸಿ ನೋಡಿ. ಅಲ್ಲೇ ನಿಂತರೆ ಸ್ಪ್ರಿಂಗ್ ಸರಿ. ಕೆಳಗೆ ಎಳೆದರೆ ಸ್ಪ್ರಿಂಗ್ ಹೊರಬೇಕಾದ ಭಾರವನ್ನು ಮೋಟಾರ್ ಹೊರುತ್ತಿದೆ, ಗೇರ್ ಎಷ್ಟು ಬದಲಿಸಿದರೂ ಪುನಃ ಸವೆಯುತ್ತದೆ. ಅಡಿಯಲ್ಲಿ ಮರದ ತುಂಡು ಇಟ್ಟು ಮುಚ್ಚಿಸಿದಾಗ ಅದಕ್ಕೆ ತಾಗಿ ಬಾಗಿಲು ವಾಪಸ್ ಏರಬೇಕು. ಏರದಿದ್ದರೆ ಸರಿಯಾಗುವ ತನಕ ರಿಮೋಟ್ ಮುಟ್ಟಬೇಡಿ.

ಈ ಎಲ್ಲ ಪರೀಕ್ಷೆಯನ್ನು ನಾನು ಮೇ ಕೊನೆಗೆ ಬರುವ ಪತ್ತನಾಜೆಯ ಆಸುಪಾಸಿನಲ್ಲಿ, ಮಳೆ ಹಿಡಿಯುವ ಮೊದಲು ಮಾಡುತ್ತೇನೆ. ಆ ದಿನ ಮನೆಯಲ್ಲಿರುವ ಪ್ರತಿಯೊಬ್ಬರ ಕೈಯಲ್ಲೂ ಸರಪಳಿ ಎಳೆಸುತ್ತೇನೆ. ಹೋದ ಮನೆಗಳಲ್ಲೂ ಅಜ್ಜ ಅಜ್ಜಿಯರ ಹತ್ತಿರ ಎಳೆಸಿಯೇ ಹೊರಡುವುದು. ಎಷ್ಟೋ ಕಡೆ ಆ ಸರಪಳಿಯನ್ನು ಅಡ್ಡವಾಗುತ್ತದೆಂದು ಮೇಲೆ ಸುತ್ತಿ ಕಟ್ಟಿರುತ್ತಾರೆ, ಸ್ಟೂಲಿಲ್ಲದೆ ಕೈಗೆಟುಕುವುದಿಲ್ಲ. ಅದನ್ನು ಬಿಚ್ಚಿ ಎದೆಮಟ್ಟಕ್ಕೆ ಇಳಿಸಿ ಗೋಡೆಯ ಕೊಕ್ಕೆಗೆ ಸಿಕ್ಕಿಸಿಡಿ, ಪಕ್ಕದಲ್ಲೇ ಒಂದು ಟಾರ್ಚನ್ನೂ ತೂಗುಹಾಕಿ.