ಮೀನಿನ ಮೈಮೇಲೆ ಬಿಳಿ ಚುಕ್ಕೆ ಕಂಡರೆ

ಬೆಂಗಳೂರಿನಲ್ಲಿ ಜಡಿಮಳೆ ಹಿಡಿದ ದಿನಗಳಲ್ಲಿ, ಡಿಸೆಂಬರಿನ ಚಳಿಯಲ್ಲಿ ನಾನು ಬೆಳಿಗ್ಗೆ ಎದ್ದ ತಕ್ಷಣ ಟ್ಯಾಂಕಿನ ಮೊಲಿ ಮೀನುಗಳನ್ನು ನೋಡುತ್ತೇನೆ. ನೀರು ಏಕಾಏಕಿ ತಣ್ಣಗಾದರೆ ಮೀನಿನ ಶಕ್ತಿ ಕುಂದಿ, ಬಿಳಿ ಚುಕ್ಕೆ ರೋಗ (ಅಂಗಡಿಯವರ ಮಾತಿನಲ್ಲಿ ‘ಇಕ್’) ಜೋರಾಗುತ್ತದೆ. ಮೊದಲು ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ರೆಕ್ಕೆ ಮುದುರಿಕೊಳ್ಳುತ್ತದೆ. ಆಮೇಲೆ ಬಾಲದ ಮೇಲೆ ಪುಡಿ ಉಪ್ಪು ಉದುರಿಸಿದಂತೆ ಚುಕ್ಕೆಗಳು. ಗಂಡು ಗೋಲ್ಡ್ ಫಿಷ್‌ಗೆ ಮರಿ ಮಾಡುವ ಕಾಲದಲ್ಲಿ ಕಿವಿರಿನ ಮುಚ್ಚಳದ ಮೇಲೆ, ಎದೆಯ ರೆಕ್ಕೆಗಳ ಮುಂಅಂಚಿನಲ್ಲಿ ಬಿಳಿ ಬೊಬ್ಬೆ ಏಳುತ್ತವೆ. ಅದು ರೋಗವಲ್ಲ, ಔಷಧಿ ಹಾಕಬೇಡಿ.

ಚುಕ್ಕೆಯೊಳಗಿನ ಪರಾವಲಂಬಿ ಮೀನಿನ ಚರ್ಮದಡಿ ಕೂತಿರುತ್ತದೆ. ಅಲ್ಲಿಗೆ ಯಾವ ಔಷಧಿಯೂ ತಲುಪುವುದಿಲ್ಲ. ಬಲಿತ ಮೇಲೆ ಅದು ಉದುರಿ ತಳಕ್ಕೆ ಅಂಟಿಕೊಂಡು, ಒಡೆದು ನೂರಾರು ಮರಿಗಳಾಗುತ್ತದೆ. ಮರಿಗಳು ಮೀನನ್ನು ಹುಡುಕುತ್ತಾ ಈಜುವ ಒಂದೆರಡು ದಿನವೇ ನಮಗೆ ಸಿಗುವ ಸಮಯ. ಹಾಗಾಗಿ ಚುಕ್ಕೆ ಮಾಯವಾಯಿತೆಂದು ಚಿಕಿತ್ಸೆ ನಿಲ್ಲಿಸಿದರೆ ರೋಗ ಮತ್ತೆ ಬರುತ್ತದೆ.

ಒಂದು ಮೀನಿಗೆ ಬಂದಿದ್ದರೂ ಎಲ್ಲವನ್ನೂ ಬೇರೆ ಇಡಿ. ನಾಲ್ಕೈದು ಮೊಲಿಗಳಿಗೆ 20 ಲೀಟರಿನ ಪ್ಲಾಸ್ಟಿಕ್ ಟಬ್ ಸಾಕು. ಮರಳು, ಗಿಡ ಏನೂ ಬೇಡ, ತಳ ಬರಿದಾಗಿರಲಿ. ಸ್ಪಂಜ್ ಫಿಲ್ಟರ್, ಹೀಟರ್, ಥರ್ಮಾಮೀಟರ್, ಮೇಲೊಂದು ಮುಚ್ಚಳ ಇಷ್ಟಿದ್ದರೆ ಆಯಿತು. ಹೀಟರ್ ಟಬ್ಬಿನ ಗೋಡೆಗೆ ತಾಗದಿರಲಿ. ನಾನು ಒಂದು ಹೆಚ್ಚುವರಿ ಸ್ಪಂಜನ್ನು ದೊಡ್ಡ ಟ್ಯಾಂಕಿನಲ್ಲೇ ಸದಾ ಬಿಟ್ಟಿರುತ್ತೇನೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದಿರುವುದರಿಂದ ಟಬ್ಬಿಗೆ ಹಾಕಿದ ದಿನವೇ ಕೆಲಸ ಮಾಡುತ್ತದೆ. ಹೊಸ ಸ್ಪಂಜ್ ಹಾಕಿದರೆ ಇಕ್‌ಗಿಂತ ಮೊದಲು ಅಮೋನಿಯಾವೇ ಮೀನನ್ನು ಕೊಲ್ಲಬಹುದು.

ಉಷ್ಣಾಂಶವನ್ನು ನಿಧಾನವಾಗಿ, ಕೆಲವು ಗಂಟೆಗೆ ಒಂದು ಡಿಗ್ರಿಯಂತೆ 30ಕ್ಕೆ ಏರಿಸಿ. ಬೆಚ್ಚಗಿನ ನೀರಿನಲ್ಲಿ ಪರಾವಲಂಬಿಯ ಜೀವನಚಕ್ರ ಬೇಗ ಮುಗಿಯುತ್ತದೆ. ಆದರೆ ಆಮ್ಲಜನಕವೂ ಕಡಿಮೆಯಾಗುತ್ತದೆ, ಏರ್ ಪಂಪ್ ಹಗಲೂ ರಾತ್ರಿ ಓಡಲೇಬೇಕು. ಕರೆಂಟ್ ಹೋಗುವ ಕಡೆ ಬ್ಯಾಟರಿ ಪಂಪ್ ಇಟ್ಟುಕೊಳ್ಳಿ.

ಉಪ್ಪು ಲೀಟರಿಗೆ 2 ಗ್ರಾಂ, ಅಂದರೆ 20 ಲೀಟರಿಗೆ 40 ಗ್ರಾಂ ಕಲ್ಲುಪ್ಪು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಮಗ್ಗಿನಲ್ಲಿ ಪೂರ್ತಿ ಕರಗಿಸಿ, ಒಂದು ದಿನದಲ್ಲಿ ಎರಡು ಮೂರು ಸಲವಾಗಿ ಸುರಿಯಿರಿ. ದಿನಾ ಮೂರನೇ ಒಂದು ಭಾಗ ನೀರನ್ನು ಪೈಪಿನಿಂದ ತಳ ಸವರಿ ತೆಗೆಯಿರಿ, ತಳಕ್ಕೆ ಅಂಟಿಕೊಂಡ ಪರಾವಲಂಬಿಗಳಲ್ಲಿ ಎಷ್ಟೋ ಅದರಲ್ಲೇ ಹೋಗುತ್ತವೆ. ಅದಕ್ಕೂ ಮೊದಲು ಹೀಟರಿನ ಪ್ಲಗ್ ಕಿತ್ತಿಡಿ. ಹೊಸ ನೀರು ಅಷ್ಟೇ ಬೆಚ್ಚಗಿರಲಿ, ಕಾವೇರಿ ನೀರಾದರೆ ಆಂಟಿ ಕ್ಲೋರಿನ್ ಹಾಕಿರಲಿ. ಹಾಕಿದಷ್ಟು ನೀರಿಗೆ ಮಾತ್ರ ಉಪ್ಪು ಸೇರಿಸಿ. ಆವಿಯಾದದ್ದಕ್ಕೆ ಸಪ್ಪೆ ನೀರೇ ಸಾಕು, ಉಪ್ಪು ಆವಿಯಾಗುವುದಿಲ್ಲ. ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಇದನ್ನೇ ಮುಂದುವರಿಸಿ.

ಕೋರಿಡೋರಸ್, ಲೋಚ್‌ನಂಥ ತಳದಲ್ಲಿ ಓಡಾಡುವ ಮೀನುಗಳಿಗೆ ಉಪ್ಪು ಅಷ್ಟಾಗಿ ಒಗ್ಗದು. ಮ್ಯಾಲಕೈಟ್ ಗ್ರೀನ್ ಇರುವ ಔಷಧಿಯನ್ನೂ ಅವುಗಳಿಗೆ ಅರ್ಧ ಪ್ರಮಾಣದಲ್ಲೇ ಕೊಡಬೇಕು. ಔಷಧಿ ಹಾಕುವಾಗ ಫಿಲ್ಟರಿನ ಇದ್ದಿಲು ತೆಗೆದಿಡಿ.

ದೊಡ್ಡ ಟ್ಯಾಂಕ್ ಎರಡು ವಾರ ಮೀನಿಲ್ಲದೆ ಇರಲಿ. ಅಲ್ಲಿ ಹುಟ್ಟಿದ ಪರಾವಲಂಬಿಯ ಮರಿಗಳು ಆಸರೆಯಿಲ್ಲದೆ ಸಾಯುತ್ತವೆ. ಫಿಲ್ಟರ್ ಮಾತ್ರ ನಿಲ್ಲಿಸಬೇಡಿ, ಬ್ಯಾಕ್ಟೀರಿಯಾಗಳಿಗಾಗಿ ಆಗಾಗ ಚಿಟಿಕೆ ಮೀನಿನ ಆಹಾರ ಹಾಕಿ. ಬಲೆ, ಬಕೆಟ್ ಎರಡೂ ಕಡೆಗೆ ಬೇರೆ ಬೇರೆ ಇರಲಿ.