ಅಜ್ಜಿಯ ಚುಕ್ಕಿಗಳನ್ನು ನಾನು ತಿದ್ದಿದ ದಿನ

ನಡುವಿನ ಸಾಲಿಗೆ ಏಳು ಚುಕ್ಕಿ, ಅದರ ಎರಡೂ ಕಡೆ ಆರು, ಐದು, ನಾಲ್ಕು ಎಂದು ಇಳಿಯುವ ಸಂದು ಚುಕ್ಕಿ ರಂಗೋಲಿ ಅದು. ಅಜ್ಜಿ ಮೊದಲ ಸಾಲಿಗೇ ಒಂಬತ್ತು ಇಟ್ಟರು, ಮುಂದಿನ ಸಾಲಿಗೂ ಒಂಬತ್ತು. ಪಕ್ಕದಲ್ಲಿ ಕೂತಿದ್ದ ನಾನು ಬೆರಳ ತುದಿಯಿಂದ ಹೆಚ್ಚಿನ ಚುಕ್ಕಿ ಅಳಿಸಿ, "ಇಲ್ಲಿಗೆ ಸಾಕಲ್ವಾ ಅಜ್ಜಿ?" ಎಂದೆ. ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಅಂಗೈಯಿಂದ ಹಲಗೆ ಪೂರ್ತಿ ಒರೆಸಿ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಎದ್ದುಬಿಟ್ಟರು. ಮುಂದೆ ಎರಡು ವಾರ ಪುಡಿಯ ಬಟ್ಟಲು ಮುಟ್ಟಲಿಲ್ಲ.

ನಾನು ಕಲಾ ಚಿಕಿತ್ಸಕಿ. ಮೈಸೂರಿನ ಒಂದು ಹಗಲು ಆರೈಕೆ ಕೇಂದ್ರದಲ್ಲಿ ಡಿಮೆನ್ಷಿಯಾ, ಅಂದರೆ ಮರೆವು, ಗಲಿಬಿಲಿ ಹೆಚ್ಚುತ್ತ ಹೋಗುವ ಕಾಯಿಲೆ ಇರುವ ಹಿರಿಯರ ಜೊತೆ ಕೆಲಸ ಮಾಡುತ್ತೇನೆ. ಈ ಅಜ್ಜಿ ಮಂಡ್ಯ ಕಡೆಯವರು, ಡಿಮೆನ್ಷಿಯಾದ ಒಂದು ಬಗೆಯಾದ ಅಲ್ಜೈಮರ್ಸ್‌ನ ನಡುಹಂತ. ಮಗಳನ್ನು ಒಮ್ಮೊಮ್ಮೆ ಅಕ್ಕ ಎಂದು ಕರೆಯುತ್ತಿದ್ದರು. ಮೊದಲು ಅವರಿಗೆ ಕೊಟ್ಟದ್ದು ಡ್ರಾಯಿಂಗ್ ಹಾಳೆ, ಕ್ರೇಯಾನ್. "ಇವು ಐಕ್ಳದ್ದು" ಎಂದು ಪಕ್ಕಕ್ಕೆ ಸರಿಸಿದರು. ಎಪ್ಪತ್ತು ದಾಟಿದ, ಒಂದು ಸಂಸಾರ ನಡೆಸಿದ ಹೆಂಗಸಿನ ಕೈಗೆ ಶಿಶುವಿಹಾರದ ಸಾಮಾನು ಕೊಟ್ಟರೆ ಅವರು ಮತ್ತೇನು ಹೇಳಬೇಕು? ಹಾಗಾಗಿಯೇ ರಂಗೋಲಿಗೆ ಬಂದೆ. ಬಂದು, ಚುಕ್ಕಿ ತಿದ್ದಿದೆ.

ಆ ಎರಡು ವಾರದಲ್ಲಿ ನನ್ನ ತಪ್ಪು ನನಗೆ ಅರ್ಥವಾಯಿತು. ಅಲ್ಜೈಮರ್ಸ್ ಸಾಮಾನ್ಯವಾಗಿ ಮೊದಲು ತಟ್ಟುವುದು ಹೊಸ ನೆನಪು ಕೂಡಿಡುವ ಮೆದುಳಿನ ಭಾಗವಾದ ಹಿಪ್ಪೋಕ್ಯಾಂಪಸ್ ಸುತ್ತಮುತ್ತ. ಬೆಳಿಗ್ಗೆ ಏನು ತಿಂದೆ, ಯಾರು ಬಂದಿದ್ದರು ಎಂಬ ಹೊಸ ನೆನಪು ನಿಲ್ಲದೆ ಹೋಗುವುದು ಅದಕ್ಕೇ. ರೊಟ್ಟಿ ತಟ್ಟುವುದು, ಹೂ ಕಟ್ಟುವುದು, ರಂಗೋಲಿ ಎಳೆ ಬಿಡುವುದು ಇಂಥ ಕೈಗೆ ಕೂತ ಕೆಲಸಗಳ ನೆನಪು ಮೆದುಳಿನ ಬೇರೆ ಭಾಗಗಳನ್ನು ನೆಚ್ಚಿಕೊಂಡಿದೆ. ಅದು ಬಹಳ ಕಾಲ ಉಳಿಯುತ್ತದೆ. ಆದರೆ ಚುಕ್ಕಿ ಎಣಿಸಿ ಸಾಲು ಜೋಡಿಸುವುದು ಕೈಗೆ ಕೂತ ಕೆಲಸವಲ್ಲ. ಅದಕ್ಕೆ ಲೆಕ್ಕ ಬೇಕು, ಜಾಗದ ಅಂದಾಜು ಬೇಕು. ವೈದ್ಯರು ಗಡಿಯಾರ ಬರೆಯಿಸಿ ನೋಡುವುದು ಇದನ್ನೇ: ಈ ಕಾಯಿಲೆಯವರು ಬರೆದ ಗಡಿಯಾರದಲ್ಲಿ ಎಷ್ಟೋ ಸಲ ಅಂಕಿಗಳು ಒಂದೇ ಕಡೆ ಗುಂಪಾಗಿ ನಿಂತಿರುತ್ತವೆ. ಅಜ್ಜಿಯಿಂದ ಯಾವುದು ಆಗದೋ ಅದರ ಮೇಲೆ ನಾನು ಬೆರಳಿಟ್ಟು ತೋರಿಸಿದ್ದೆ. ಚಿಕಿತ್ಸೆಗೆ ಕೂತವರನ್ನು ಪರೀಕ್ಷೆಗೆ ಕೂರಿಸಿದ್ದೆ. ಅವರಿಂದ ಏನಾಗುತ್ತಿತ್ತೋ ಅದನ್ನು ನೋಡಲೇ ಇಲ್ಲ.

ಮೂರನೇ ವಾರ ಚುಕ್ಕಿಗಳನ್ನು ನಾನೇ ಇಟ್ಟು, ಎಳೆ ಎಳೆಯಲು ಶುರು ಮಾಡಿದೆ. ನನ್ನ ಎಳೆ ನಿಜವಾಗಿಯೂ ದಪ್ಪ, ಅಲ್ಲಲ್ಲಿ ಗುಡ್ಡೆ. ಎದುರಿಗಿದ್ದ ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಬಿಗಿಯಾಗ್ ಹಿಡ್ಕಂಡಿದ್ದೀಯ, ಸಡ್ಲ ಬುಡು ಮಗ" ಎಂದು ಬಟ್ಟಲಿಗೆ ಕೈ ಹಾಕಿದರು. ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಿಟಿಕೆ. ಹೆಬ್ಬೆರಳು ಮೆಲ್ಲಗೆ ಹಿಂದಕ್ಕೆ ಜಾರುತ್ತಿತ್ತು, ಮಣಿಕಟ್ಟು ಹಲಗೆಗೆ ತಾಗುತ್ತಿರಲಿಲ್ಲ, ಚುಕ್ಕಿಯ ಸುತ್ತ ಬಳಸಿ ಬಂದ ಎಳೆ ದಾರದಷ್ಟು ಸಣ್ಣ, ಎಲ್ಲೂ ತುಂಡಿಲ್ಲ. ಆ ಎಳೆ ಎಲ್ಲೋ ಶುರುವಾಗಿ ಎಲ್ಲೋ ಹೋಯಿತು, ಹೂವೂ ಆಗಲಿಲ್ಲ, ಬಳ್ಳಿಯೂ ಆಗಲಿಲ್ಲ. ನಾನು ಬಾಯಿ ತೆರೆಯಲಿಲ್ಲ.

ಅಂದಿನಿಂದ ನನ್ನ ಕ್ರಮ ಬದಲಾಯಿತು. ನೆಲದಲ್ಲಿ ಕೂರಲು ಮಂಡಿ ಬಿಡುವುದಿಲ್ಲ, ಆದ್ದರಿಂದ ಮೇಜಿನ ಮೇಲೆ ಅಂಚುಕಟ್ಟಿದ ಕರಿ ಹಲಗೆ. ಕಪ್ಪಿನ ಮೇಲೆ ಬಿಳಿ ಎದ್ದು ಕಾಣುತ್ತದೆ. ಈ ಕಾಯಿಲೆಯಲ್ಲಿ ತಿಳಿಬಣ್ಣಗಳ ವ್ಯತ್ಯಾಸ ಗುರುತಿಸುವುದು ಕಷ್ಟ. ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವವರಿಗೆ ಕಲ್ಲಿನ ಪುಡಿ ಬೇಡವೇ ಬೇಡ, ಅಕ್ಕಿ ಹಿಟ್ಟು. ಫ್ಯಾನ್ ಆರಿಸಬೇಕು. ಬೆಳಿಗ್ಗೆ ಹತ್ತೂವರೆಗೆ ಕೂರುತ್ತೇವೆ, ನಲವತ್ತು ನಿಮಿಷ. ಸಂಜೆಯಾದಂತೆ ಗಲಿಬಿಲಿ ಹೆಚ್ಚುವವರು ಬಹಳ ಮಂದಿ, ಆ ಹೊತ್ತಿಗೆ ಕೂರಿಸುವುದಿಲ್ಲ. "ಇದೇನು?" ಎಂದು ಕೇಳುವುದಿಲ್ಲ. "ನೆನಪಿದೆಯಾ?" ಎಂದಂತೂ ಎಂದೂ ಕೇಳುವುದಿಲ್ಲ.

ಎಲ್ಲರಿಗೂ ರಂಗೋಲಿ ಎಂದಲ್ಲ. ಟೈಲರ್ ಆಗಿದ್ದ ಒಬ್ಬ ತಾತ ಹಲಗೆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಹಳೇ ಪಂಚೆಯೊಂದನ್ನು ಮೇಜಿನ ಮೇಲೆ ಹಾಸಿ ಪಕ್ಕದಲ್ಲಿ ಟೈಲರ್ ಚಾಕ್ ಇಟ್ಟೆ. ಮೊದಲು ಬಟ್ಟೆಯ ಸುಕ್ಕು ಸವರಿದರು. ಆಮೇಲೆ ಕಂಕುಳ ಸುತ್ತಿನ ಬಾಗನ್ನು ಒಂದೇ ಗೆರೆಯಲ್ಲಿ ಎಳೆದರು. ಆದ್ದರಿಂದ ಹೊಸಬರು ಬಂದಾಗ ಮನೆಯವರಿಗೆ ನನ್ನ ಮೊದಲ ಪ್ರಶ್ನೆ, ಇವರ ಕೈ ದಿನವೆಲ್ಲ ಏನು ಮಾಡುತ್ತಿತ್ತು ಎಂಬುದು.

ಇದರಿಂದ ವಾಸಿಯಾಗುತ್ತದಾ ಮೇಡಂ ಎಂದು ಎಲ್ಲರೂ ಕೇಳುತ್ತಾರೆ. ಇಲ್ಲ. ಸತ್ತ ನರಕೋಶ ಹಿಂದಿರುಗುವುದಿಲ್ಲ, ವೈದ್ಯರು ಬರೆದ ಮಾತ್ರೆ ನಿಲ್ಲಿಸಲೂ ಬಾರದು. 'ಆರ್ಟ್ ಥೆರಪಿ' ಎಂಬ ಹೆಸರನ್ನು 1942ರಲ್ಲಿ ಚಾಲ್ತಿಗೆ ತಂದ ಇಂಗ್ಲೆಂಡಿನ ಏಡ್ರಿಯನ್ ಹಿಲ್ ಸ್ವತಃ ಕ್ಷಯದಿಂದ ಚೇತರಿಸಿಕೊಳ್ಳುತ್ತಿದ್ದ ಚಿತ್ರಕಾರ. ಹಾಸಿಗೆ ಹಿಡಿದ ದಿನಗಳಲ್ಲಿ ಚಿತ್ರ ತನಗೆ ಏನು ಮಾಡಿತು ಎಂಬುದನ್ನು ಕಂಡುಕೊಂಡವರು. ಹಾಗೆಂದು ಎಲ್ಲ ಕಾಯಿಲೆಗೂ ಇದು ಮದ್ದಲ್ಲ. ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದ್ದ 417 ಜನರ ಮೇಲೆ ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2012ರಲ್ಲಿ ಬಂತು. ವಾರಕ್ಕೊಮ್ಮೆ ನಡೆದ ಗುಂಪು ಕಲಾ ಚಿಕಿತ್ಸೆಯಿಂದ ಅವರ ಒಟ್ಟಾರೆ ಸ್ಥಿತಿ ಸುಧಾರಿಸಿದ್ದು ಕಾಣಲಿಲ್ಲ. ಈ ವೃತ್ತಿಯಲ್ಲಿರುವ ನಾವು ಇದನ್ನು ಮುಚ್ಚಿಡಬಾರದು. ನನ್ನ ಫೈಲಿನಲ್ಲಿ ನಾನು ಬರೆಯುವುದು ಸಣ್ಣ ಸಂಗತಿಗಳನ್ನು: ಇವತ್ತು ನಲವತ್ತು ನಿಮಿಷದಲ್ಲಿ ಸೆರಗಿನ ಅಂಚು ಕೀಳಲಿಲ್ಲ, "ಮನೆಗೋಗಾನ" ಎಂದು ಒಂದು ಸಲವೂ ಏಳಲಿಲ್ಲ, ಊಟ ತಾನೇ ಕಲಸಿ ತಿಂದರು.

ಪ್ರತಿ ತಿಂಗಳು ಹಲಗೆಯ ಫೋಟೊ ತೆಗೆದಿಡುತ್ತಿದ್ದೆ. ಲಂಡನ್ನಿನಲ್ಲಿದ್ದ ವಿಲಿಯಂ ಉಟರ್‌ಮೋಲೆನ್ ಎಂಬ ಚಿತ್ರಕಾರ 1995ರಲ್ಲಿ ಅಲ್ಜೈಮರ್ಸ್ ಎಂದು ತಿಳಿದ ಮೇಲೂ ತನ್ನ ಮುಖವನ್ನೇ ಬರೆಯುತ್ತ ಹೋದರು. ವರ್ಷ ಕಳೆದಂತೆ ಆ ಮುಖ ಕರಗುವುದು ನೋಡಿದವರಿಗೆಲ್ಲ ಕಾಣುತ್ತದೆ. ಅಜ್ಜಿಯ ಹಲಗೆಯಲ್ಲೂ ಅದೇ ಕಂಡಿತು. ಎಳೆ ಮೋಟಾಯಿತು, ಮುರಿಯಿತು, ಕೊನೆಗೆ ಬರೀ ಪುಡಿ. ಒಮ್ಮೆ ಫೋಟೊಗಳನ್ನು ಸಾಲಾಗಿ ಅವರ ಮಗಳಿಗೆ ತೋರಿಸಿದೆ. ಆಕೆ ನಾಲ್ಕನೆಯದಕ್ಕೇ ಫೋನ್ ಮಗುಚಿಟ್ಟು ಅತ್ತರು. ವೈದ್ಯರಿಗೆ ಬೇಕಾದ ಸಾಲು ಮಗಳಿಗೂ ಬೇಕಾಗಿರಲಿಲ್ಲ; ಕೇಳದೆ ತೋರಿಸಬಾರದಿತ್ತು. ಈಗ ಯಾರ ಮನೆಯವರಿಗೂ ಹಾಗೆ ಸಾಲು ಹಚ್ಚಿ ತೋರಿಸುವುದಿಲ್ಲ.

ಅಜ್ಜಿ ಈಗ ಕೇಂದ್ರಕ್ಕೆ ಬರುವ ಸ್ಥಿತಿಯಲ್ಲಿಲ್ಲ. ಹೋದ ತಿಂಗಳು ಮಗಳು ಫೋನ್ ಮಾಡಿದ್ದರು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವಾಗ ಅಮ್ಮನ ಕುರ್ಚಿಯನ್ನು ಹೊಸ್ತಿಲ ಹತ್ತಿರ ಎಳೆದು, ಮಡಿಲಲ್ಲಿ ಅಕ್ಕಿ ಹಿಟ್ಟಿನ ಬಟ್ಟಲು ಇಡುತ್ತಾರಂತೆ. ಅಜ್ಜಿ ಹಿಟ್ಟನ್ನು ಬೆರಳಲ್ಲಿ ತಿಕ್ಕುತ್ತ ಕೂರುತ್ತಾರೆ, ಆಗಾಗ ಹಿಡಿಯಿಂದ ಒಂದಿಷ್ಟು ಕೆಳಗೆ ಉದುರುತ್ತದೆ. "ಅದನ್ನ ಗುಡಿಸೋದಿಲ್ಲ ಮೇಡಂ," ಎಂದರು. "ಯಾರೂ ತುಳೀಬಾರದು ಅಂತ ಪಕ್ಕದಲ್ಲಿ ಒಂದು ಮಣೆ ಅಡ್ಡ ಇಟ್ಟಿದ್ದೀನಿ."