‘ಏನ್ರೀ ಸರ, ಇವತ್ತ ಯಾರನ್ನ ಒಯ್ಯಾಕ ಬಂದೀರಿ?’

ಹುಬ್ಬಳ್ಳಿಯಲ್ಲಿ ಪೊಲೀಸನಾಗಿ ನನ್ನ ಬೀಟಿನ (ಗಸ್ತಿನ) ಓಣಿಗೆ ಮೊದಲ ಸಲ ಹೋದಾಗ ಗಿರ್ಮಿಟ್ ಅಂಗಡಿ ಮುಂದೆ ನಿಂತಿದ್ದ ಹುಡುಗರು ಕೇಳಿದ ಮಾತಿದು. ಕೇಳಿ ನಕ್ಕರು, ನಾನು ನಗಲಿಲ್ಲ. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂದಿತ್ತು. ಒಬ್ಬೊಬ್ಬ ಕಾನ್‌ಸ್ಟೆಬಲ್‌ಗೆ ಒಂದೊಂದು ಪ್ರದೇಶ, ಅಲ್ಲಿಯ ಜನರ ಪರಿಚಯ ಇರಬೇಕು ಅಂತ. ನನಗೆ ಪರಿಚಯ ಇದ್ದದ್ದು ರೌಡಿ ಪಟ್ಟಿಯವರದು ಮಾತ್ರ.

ಶಾಲೆಗೆ ಹೋಗಿ ಭಾಷಣ ಮಾಡಿದೆ. ‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಮಕ್ಕಳು ಠಾಣೆಗೂ ಬಂದು ವಾಕಿಟಾಕಿ ನೋಡಿ ಹೋದರು. ಒಳ್ಳೆಯದೇ. ಆದರೆ ಶಾಲೆ ಬಿಟ್ಟು ಗ್ಯಾರೇಜಲ್ಲಿ ಕೆಲಸ ಮಾಡೋ ಹುಡುಗರು ಅದಕ್ಕೆ ಬರೋದಿಲ್ವಲ್ಲ, ನನಗೆ ಬೇಕಾಗಿದ್ದವರು ಅವರೇ.

ಅಷ್ಟರಲ್ಲಿ ನಾನೇ ಒಂದು ತಪ್ಪು ಮಾಡಿದೆ. ಬೈಕ್ ಕಳವಿನ ದೂರು ಬಂತು, ಯಾರೋ ಹೆಸರು ಹೇಳಿದರು ಅಂತ 16 ವರ್ಷದ ಹುಡುಗನನ್ನು ಅವನ ಅವ್ವನ ಎದುರಿಗೇ ಜೀಪಿಗೆ ಹತ್ತಿಸಿದೆ, ಯೂನಿಫಾರ್ಮಿನಲ್ಲೇ. ಮಕ್ಕಳ ಜೊತೆ ವ್ಯವಹರಿಸುವಾಗ ಪೊಲೀಸರು ಸಾದಾ ಬಟ್ಟೆಯಲ್ಲಿರಬೇಕು ಅಂತ ಬಾಲನ್ಯಾಯದ ನಿಯಮ ಇದೆ, ಟ್ರೇನಿಂಗಿನಲ್ಲಿ ಓದಿದ್ದೆ, ಆ ಹೊತ್ತಿಗೆ ಯಾವುದೂ ನೆನಪಾಗಲಿಲ್ಲ. ಎರಡು ತಾಸಿಗೆ ಗೊತ್ತಾಯಿತು, ಬೈಕ್ ಒಯ್ದವನು ಮಾಲೀಕನ ಅಳಿಯ.

ಮರುದಿನ ಸಿವಿಲ್ ಡ್ರೆಸ್ಸಿನಲ್ಲಿ ಅವರ ಮನೆಗೆ ಹೋದೆ. ‘ತಪ್ಪಾತ್ರಿ ಅವ್ವಾರ’ ಅಂದೆ. ಅವರು ನೀರು ಕೊಟ್ಟರು, ಮಾತಾಡಲಿಲ್ಲ. ಅದೇ ಮಾತನ್ನು ಅಂಗಡಿ ಮುಂದೆ ಹುಡುಗರೆದುರಿಗೂ ಹೇಳಿದೆ. ಅದು ಜಾಸ್ತಿ ಕಷ್ಟ ಆಯಿತು.

ಆಮೇಲೆ ವಾರಕ್ಕೆ ಎರಡು ಸಂಜೆ ಲಾಠಿ ಇಲ್ಲದೆ ಅಲ್ಲಿ ಹೋಗಿ ಕೂತೆ. ನನ್ನ ಗಿರ್ಮಿಟ್ ದುಡ್ಡು ನಾನೇ ಕೊಡ್ತಿದ್ದೆ (ಅದನ್ನೂ ಅವರು ಗಮನಿಸ್ತಾ ಇದ್ದರು). ಒಂದು ನಿಯಮ ಇಟ್ಟುಕೊಂಡೆ, ಇವರಿಂದ ಯಾರ ಸುದ್ದಿಯನ್ನೂ ಕೇಳಬಾರದು. ಒಂದು ಸಲ ಕೇಳಿದರೂ ಓಣಿಯಲ್ಲಿ ಅವರು ‘ಪೊಲೀಸರ ಚಮಚಾ’ ಆಗ್ತಾರೆ, ನಾನು ಮತ್ತೆ ಹಳೇ ಪೊಲೀಸ. ‘ಹುಡುಗರ ಕೂಡ ಕುಂತು ತಿಂದ್ರ ಅಂಜಿಕಿ ಎಲ್ಲಿ ಉಳೀತದೋ’ ಅಂತ ಠಾಣೆಯಲ್ಲಿ ನಗಾಡಿದರು. ಅಂಜಿಕೆ ಇದ್ದಾಗ ಏನು ಕಡಿಮೆಯಾಗಿತ್ತು ಅಂತ ನಾನು ಕೇಳಲಿಲ್ಲ, ಸುಮ್ನಿದ್ದೆ.

ಮಾತು ಬೈಕಿನಿಂದ ಶುರುವಾಯಿತು. 18 ತುಂಬದವನು ಗೇರ್ ಬೈಕ್ ಓಡಿಸಿ ಸಿಕ್ಕರೆ ಅಪ್ಪನಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಅಂದಾಗ ಯಾರೂ ಅಲ್ಲಾಡಲಿಲ್ಲ. ಓಡಿಸಿದವನಿಗೆ 25 ವರ್ಷ ಆಗೋವರೆಗೆ ಲೈಸೆನ್ಸ್ ಸಿಗೋದಿಲ್ಲ ಅಂದೆ ನೋಡಿ, ಎಲ್ಲ ಸುಮ್ಮನಾದರು. ಗೂಡ್ಸ್ ಗಾಡಿ ಓಡಿಸೋ ಆಸೆಯವರೇ ಜಾಸ್ತಿ ಅಲ್ಲಿ. 18 ಆಗಿದ್ದವರನ್ನು ಸೈಬರ್ ಸೆಂಟರಿಗೆ ಕರೆದುಕೊಂಡು ಹೋಗಿ ಎಲ್‌ಎಲ್ (ಕಲಿಕಾ ಲೈಸೆನ್ಸ್) ಅರ್ಜಿ ಹಾಕಿಸಿದೆ.

ಹೋಳಿ ಬಂತು. ಹುಬ್ಬಳ್ಳಿ ಹೋಳಿ ಅಂದರೆ ರಂಗಪಂಚಮಿವರೆಗೆ ಹಲಗೆ ಬಾರಿಸೋ ಸದ್ದು. ಹಿಂದೆಲ್ಲ ರಾತ್ರಿ ಹೋಗಿ ಹಲಗೆ ಕಸಿದುಕೊಂಡು ಬರ್ತಿದ್ದೆವು. ಆ ವರ್ಷ ಮೊದಲೇ ಕೂತು ಮಾತಾಡಿದೆವು. ಓಣಿಯಲ್ಲಿ ಎಸ್ಸೆಸ್ಸೆಲ್ಸಿಗೆ ಓದೋರು ಯಾರ‍್ಯಾರು ಅಂತ ಅವರೇ ಎಣಿಸಿದರು, 10 ಗಂಟೆಗೆ ನಿಲ್ಲಿಸೋದು ಅಂತ ಅವರೇ ಹೇಳಿದರು. ನಿಂತಿದ್ದು 10 ಗಂಟೆ 10 ನಿಮಿಷಕ್ಕೆ. ಆ ಹತ್ತು ನಿಮಿಷ ನಾನು ಗಡಿಯಾರ ನೋಡಲಿಲ್ಲ.

ಜೀಪಿಗೆ ಹತ್ತಿಸಿದ್ದೆನಲ್ಲ, ಆ ಹುಡುಗ ಇದಕ್ಕೆಲ್ಲ ಬಂದವನೇ ಅಲ್ಲ. ಮಳೆಗಾಲದಲ್ಲಿ ಒಂದು ರಾತ್ರಿ ಅವನದೇ ಫೋನು. ‘ಸರ, ಎರಡು ಗುಂಪು ಬಡದಾಡಾಕತ್ತಾವ. ಜೀಪ್ ತರಬ್ಯಾಡ್ರಿ, ನೀವ ಬರ‍್ರಿ.’ ಠಾಣೆಗೆ ತಿಳಿಸಿ, ಜೀಪನ್ನು ಮೂಲೆಯಲ್ಲೇ ನಿಲ್ಲಿಸಲು ಹೇಳಿ, ನನ್ನ ಬೈಕಲ್ಲಿ ಹೋದೆ. ಜೀಪು ಮೂಲೆಯಲ್ಲೇ ಉಳಿಯಿತು.

ಅವನ ಅವ್ವ ಮಾತ್ರ ಇನ್ನೂ ನನ್ನ ಜೊತೆ ಮಾತಾಡೋದಿಲ್ಲ.